ಅತ್ತಳೋ, ಎದ್ದಳೋ

ಓಂ ಸ್ವಸ್ತ್ಯಸ್ತು, ಕಾರ್ದಾ ಮಾವ,

ಫೋನು ಮಾಡಿದರೆ ನೀವು "ಆಂ? ಯಾರು? ಸ್ವಲ್ಪ ಗಟ್ಟಿಯಾಗಿ ಹೇಳು ತಾಯಿ" ಅನ್ನುತ್ತೀರಿ. ಇದು ಗಟ್ಟಿಯಾಗಿ ಹೇಳುವಂಥ ಮಾತಲ್ಲ. ಮುರ್ದಾನ ದೊಡ್ಡಪ್ಪನ ದಹನ ಮುಗಿದು, ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ ಮೇಲೆ ನೀವು ಯಾರೊಡನೆಯೂ ಹೆಚ್ಚು ಮಾತಾಡಿಲ್ಲ ಎಂದು ಅತ್ತೆ ಹೇಳಿದರು. ನಿಮಗೆ ತಿಳಿಯದ ಒಂದು ಸಂಗತಿ ನನ್ನ ಹತ್ತಿರ ಇದೆ. ದೊಡ್ಡಪ್ಪ, ತಾವು ಬದುಕಿರುವವರೆಗೂ ಬಾಯಿ ಬಿಡಬೇಡ ಎಂದಿದ್ದರು. ಈಗ ಹೇಳಬಹುದು ಅನ್ನಿಸುತ್ತಿದೆ.

ನಾನು ಸಣ್ಣವಳಾಗಿದ್ದಾಗಿನಿಂದ ನಿಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ನೋಡಿದವಳು. ನೀವು ಓಲೆಗರಿ ಹಿಡಿದು ಹಳೆಯ ಕಾವ್ಯಗಳ 'ಕವಿ' ಭಾಷೆಯ ಪದ್ಯವನ್ನು ಎಳೆದು ಎಳೆದು ಹಾಡುವುದು, ಎದುರಿಗೆ ಕೂತ ದೊಡ್ಡಪ್ಪ ಅದರ ಅರ್ಥವನ್ನು ನಮ್ಮ ಬಾಲಿ ಮಾತಿನಲ್ಲಿ ಬಿಡಿಸಿ ಹೇಳುವುದು. ನೀವು ನಿಲ್ಲಿಸಿದ ಉಸಿರನ್ನು ಅವರು ಎತ್ತಿಕೊಳ್ಳುತ್ತಿದ್ದರು. ಮದುವೆಯಿರಲಿ, ಹರೆಯಕ್ಕೆ ಬಂದ ಮಕ್ಕಳ ಹಲ್ಲು ತೇಯುವ ಶಾಸ್ತ್ರವಿರಲಿ, ನಮ್ಮ ಸಿದೆಮೆನ್ ಊರಿನ ಸುತ್ತಮುತ್ತ ಕಾರ್ದಾ–ಮುರ್ದಾನ ಬಾರದೆ ಶುಭಕಾರ್ಯ ಮುಗಿಯುತ್ತಿರಲಿಲ್ಲ.

ಆಮೇಲೆ ಆ ಒಂದು ಪದ ಬಂತು. ನಮ್ಮ ಊರಿನ ರಾಣಿಯ ಕಾವ್ಯದಲ್ಲಿ, ಗಂಡ ಯುದ್ಧಕ್ಕೆಂದು ಹಡಗು ಹತ್ತಿದ ಮರುದಿನ ಬೆಳಗ್ಗೆ ರಾಣಿ ಏನು ಮಾಡಿದಳು? ನೀವು 'ತಾಂಗಿಸ್' ಎಂದು ಹಾಡಿದಿರಿ, ಅತ್ತಳು. ದೊಡ್ಡಪ್ಪ ಗುಡಿಯ ಉತ್ಸವದಲ್ಲಿ, ಅಷ್ಟು ಜನರ ಮುಂದೆ, ಮೈಕಿನಲ್ಲಿ, "ಅದು ತಾಂಗಿ. ನಮ್ಮ ಗಾಯಕರು ಅವಳನ್ನು ಸುಮ್ಮನೆ ಅಳಿಸ್ತಿದಾರೆ, ಪಾಪ ಅವಳು ಎದ್ದಳು ಅಷ್ಟೆ" ಎಂದುಬಿಟ್ಟರು. ಪದಗಳ ನಡುವೆ ಜಾಗವೇ ಇಲ್ಲದ ನಮ್ಮ ಬರಹದಲ್ಲಿ ಆ 'ಸ' ಹಿಂದಿನ ಪದದ್ದೋ ಮುಂದಿನ ಪದದ್ದೋ ಯಾರಿಗೆ ಗೊತ್ತು? ಜನ ನಕ್ಕರು. ನೀವು ಪದ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದಿರಿ. ಒಬ್ಬರೇ ಗುರುವಿನ ಬಾಯಿಂದ ಕಲಿತ ಇಬ್ಬರು, ಆಮೇಲೆ ಎಷ್ಟೋ ವರ್ಷ ಒಂದೇ ಬೀದಿಯಲ್ಲಿ ಎದುರಾದರೂ ಕತ್ತು ತಿರುಗಿಸಿಕೊಂಡು ಹೋದಿರಿ. ನಿಮಗೆ ಬೇರೆ ವ್ಯಾಖ್ಯಾನಕಾರರು ಸಿಕ್ಕರು, ದೊಡ್ಡಪ್ಪನಿಗೆ ಬೇರೆ ಹಾಡುಗಾರರು ಸಿಕ್ಕರು. ಯಾರಿಗೂ ರುಚಿ ಹತ್ತಲಿಲ್ಲ.

ದೆನ್‌ಪಸಾರಿನಲ್ಲಿ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದಿನ ಹೊಳೆ ಉಕ್ಕಿ ಒಳಗೆ ನುಗ್ಗಿದ ವರ್ಷ ನಿಮಗೆ ನೆನಪಿರಬೇಕು. ಓಲೆಗರಿ ವಿಭಾಗ ಕೆಳಮಹಡಿಯಲ್ಲಿತ್ತು. ನಾನು ಬಾಗಿಲು ತೆಗೆದಾಗ ಮರದ ಪೆಟ್ಟಿಗೆಗಳು ತೇಲಾಡುತ್ತಿದ್ದವು. ಓಲೆ ನೀರಿಗೆ ಅಷ್ಟು ಬೇಗ ಸಾಯುವುದಿಲ್ಲ ಮಾವ, ಆದರೆ ಹಳೆಯ ದಾರ ಸಾಯುತ್ತದೆ. ದಾರ ಹರಿದು ಕಟ್ಟುಗಳೆಲ್ಲ ಒಂದರೊಳಗೊಂದು ಬೆರೆತಿದ್ದವು. ಮಸಿ ತೊಳೆದುಹೋಗಿತ್ತು. ಅಂಚಿನಲ್ಲಿರಬೇಕಾದ ಅಂಕಿಗಳನ್ನು ಹುಳು ಮೊದಲೇ ತಿಂದಿತ್ತು. ನಾವು ಒಂದೊಂದೇ ಎಲೆಯನ್ನು ಒರೆಸಿ, ಬಿದಿರು ತಟ್ಟೆಗಳಲ್ಲಿ ನೆರಳಿಗೆ ಹರವಿ, ಕೊರೆದ ಅಕ್ಷರಗಳಿಗೆ ಹೊಸದಾಗಿ ಮಸಿ ತಿಕ್ಕಿದೆವು. ಅಕ್ಷರಗಳು ಮತ್ತೆ ಎದ್ದುಬಂದವು. ಆದರೆ ಯಾವುದರ ಮುಂದೆ ಯಾವುದು?

ಆ ರಾಶಿಯಲ್ಲಿ ನಮ್ಮ ಊರಿನ ರಾಣಿಯ ಕಾವ್ಯವೂ ಇತ್ತು. ಪೂಜಾರಿಗಳ ಮನೆಯವರು ಎಷ್ಟೋ ತಲೆಮಾರು ಮುಟ್ಟಲು ಹೆದರಿ, ಕೊನೆಗೆ ನಮಗೆ ಕೊಟ್ಟಿದ್ದ ಒಂದೇ ಒಂದು ಪೂರ್ತಿ ಪ್ರತಿ. ನಿಮ್ಮಿಬ್ಬರ ಹತ್ತಿರ ಇದ್ದದ್ದು ಗುರು ಬಾಯಿಂದ ಹೇಳಿ ಬರೆಸಿದ ಕೆಲವು ಭಾಗಗಳು ಮಾತ್ರ. ನಾವು ಬಿಚ್ಚಿ ಓದುವ ಮೊದಲೇ ಹೊಳೆ ಬಂದಿತ್ತು. ನಮ್ಮ ಮುಖ್ಯಸ್ಥರು ಒಳ್ಳೆಯವರೇ, ಆದರೆ ದಣಿದಿದ್ದರು. "ಅರ್ತಿನಿ, ತಿಂಗಳ ಕೊನೆಗೆ ಜೋಡಿಸೋಕಾದ್ರೆ ಸರಿ. ಇಲ್ಲಾಂದ್ರೆ ಬಿಡಿ ಎಲೆಗಳು ಅಂತ ಒಂದು ಪೆಟ್ಟಿಗೆಗೆ ತುಂಬಿಡೋಣ" ಎಂದರು. ಬಿಡಿ ಎಲೆಗಳ ಪೆಟ್ಟಿಗೆಯನ್ನು ಆಮೇಲೆ ಯಾರೂ ತೆರೆಯುವುದಿಲ್ಲ. ಅದು ನನಗೆ ಗೊತ್ತಿತ್ತು.

ಅದಕ್ಕೇ ನಿಮ್ಮಿಬ್ಬರನ್ನೂ ಕರೆದೆ, ಒಬ್ಬರಿಗೆ ಇನ್ನೊಬ್ಬರ ಸುದ್ದಿ ಹೇಳದೆ. ಎಲೆ ಮುಗಿಯುವಲ್ಲಿ ಅರ್ಧಕ್ಕೆ ನಿಂತ ಧಾಟಿಯನ್ನು ಹಿಡಿದು ಮುಂದಿನ ಎಲೆ ಗುರುತಿಸುವ ಕಿವಿ ನಿಮ್ಮದು. ಅರ್ಥ ಹಿಡಿದು ಹುಡುಕುವ ತಲೆ ದೊಡ್ಡಪ್ಪನದು. ಬಾಗಿಲಲ್ಲಿ ಅವರನ್ನು ಕಂಡು ನೀವು ಚಪ್ಪಲಿ ಮತ್ತೆ ಮೆಟ್ಟಿಕೊಂಡಿರಿ. ನಾನು ಹರವಿದ ಎಲೆಗಳನ್ನು ತೋರಿಸಿದೆ. ನೀವು ಬಹಳ ಹೊತ್ತು ಅವನ್ನೇ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದಿರಿ.

ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂದೇ ಮೇಜು, ಇಬ್ಬರ ನಡುವೆ ಅಂಚೆಯವಳಂತೆ ನಾನು.

"ಅರ್ತಿನಿ, ಆ ಮನುಷ್ಯನಿಗೆ ಹೇಳು, ಆ ಎಲೆ ಅಲ್ಲಿ ಕೂರಲ್ಲ. ಧಾಟಿ ಕುಂಟ್ತದೆ."

"ಧಾಟಿ ಕುಂಟ್ಲಿ, ಕುದುರೆ ಇನ್ನೂ ಲಾಯದಲ್ಲಿದೆ ಅಂತ ಹೇಳಮ್ಮ ಅವನಿಗೆ. ಅವನು ಆಗಲೇ ಯುದ್ಧದ ಮಧ್ಯೆ ಓಡಿಸ್ತಿದಾನೆ."

"ಕುದುರೆ ವಿಷಯ ಅವನಿಗೇ ಗೊತ್ತು. ಹುಲ್ಲು ತಿಂದು ಬೆಳೆದವನು."

ಹೀಗೆ ಬೈದಾಡುತ್ತಲೇ ಸಾಲು ಬೆಳೆಯಿತು. ನೀವು ಮೆಲ್ಲಗೆ ಹಾಡುತ್ತಿದ್ದಿರಿ, ದೊಡ್ಡಪ್ಪ ಗೊಣಗುತ್ತ ಎಲೆ ಸರಿಸುತ್ತಿದ್ದರು. ನಮ್ಮ ಮುಖ್ಯಸ್ಥರು ಕೆಲಸ ಬಿಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದರು. ತಿಂಗಳ ಗಡುವಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ್ದು. ಒಂದು ಮಧ್ಯಾಹ್ನ ನೀವು ಬಾಳೆಲೆಯಲ್ಲಿ ಕಟ್ಟಿದ ಅನ್ನ, ನಾಸಿ ಜಿಂಗೊ ತಿನ್ನಲು ಬೀದಿ ಬದಿಯ ಅಂಗಡಿಗೆ ಹೋಗಿದ್ದಿರಿ. ದೊಡ್ಡಪ್ಪ ಒಂದು ಎಲೆ ಎತ್ತಿಕೊಂಡು ಕಿಟಕಿಯ ಬಳಿ ನಿಂತರು. ಆಚೆ ಈಚೆ ವಾಲಿಸಿ ನೋಡಿದರು. ನಾನು ಹತ್ತಿರ ಹೋದೆ. ಆ ಸಾಲು. ರಾಣಿಯ ಬೆಳಗು. ಯಾರೋ ಹಳೆಯ ಲಿಪಿಕಾರ ಅಲ್ಲಿ ಪದ್ಯದ ಪಾದ ಮುರಿದು, ಚಿಹ್ನೆ ಹಾಕಿದ್ದ. 'ಸ' ಅದರ ಆಚೆಗೆ, ಮುಂದಿನ ಪದಕ್ಕೆ ಸೇರಿತ್ತು. ರಾಣಿ ಅತ್ತಿರಲಿಲ್ಲ. ಎದ್ದಿದ್ದಳು.

"ದೊಡ್ಡಪ್ಪ, ನೀವೇ ಸರಿ!" ಎಂದು ನಾನು ಕೂಗಿಯೇಬಿಟ್ಟೆ.

"ಶ್! ಬಾಯಿ ಮುಚ್ಚು" ಎಂದರು. ಎಲೆಯನ್ನು ಅದರ ಜಾಗದಲ್ಲಿ ಮುಖ ಕೆಳಗೆ ಮಾಡಿ ಇಟ್ಟು, ಮೇಲೆ ಮುಂದಿನ ಎಲೆಗಳನ್ನು ಜೋಡಿಸಿದರು. "ನಾನಿರೋವರೆಗೂ ಅವನಿಗೆ ಹೇಳ್ಬೇಡ."

"ಯಾಕೆ? ಇಷ್ಟು ವರ್ಷ ಇದಕ್ಕೇ ತಾನೆ ಮಾತು ಬಿಟ್ಟಿದ್ದು?"

"ಹೌದಮ್ಮ. ಈ ಎಲೆ ಗೆದ್ದು ನಾನೇನು ಮಾಡ್ಲಿ? ಗೆದ್ದವನ ಎದುರು ಅವನು ಹಾಡ್ತಾನಾ? ಅವನು ಹಾಡದೆ ನಾನು ಯಾರಿಗೆ ಅರ್ಥ ಹೇಳ್ಲಿ? ಈ ಮೂರು ದಿನದಲ್ಲಿ ಕೇಳಿದೀನಲ್ಲ, ಸಾಕು, ನಂಗೆ ಅವನ ದನಿ ಬೇಕು."

ನೀವು ಬಾಯಿ ಒರೆಸಿಕೊಳ್ಳುತ್ತ ಬಂದಿರಿ. ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ, ನೇರ ನಿಮಗೇ ಹೇಳಿದರು: "ಕಾರ್ದಾ, ಸಮುದ್ರದ ಭಾಗ ಎಲ್ಲ ಕೂಡಿತು. ಒಂದ್ಸಲ ಹಾಡು, ಕೇಳೋಣ." ಎಷ್ಟೋ ವರ್ಷದ ಮೇಲೆ ನಿಮ್ಮ ಹೆಸರು ಅವರ ಬಾಯಲ್ಲಿ ಬಂದಿತ್ತು. ನೀವು ಎಲೆ ನೋಡದೆ, ಕಣ್ಣು ಮುಚ್ಚಿ ಹಾಡಿದಿರಿ. ಆ ಸಾಲು ಬಂತು. ನಿಮ್ಮ ದನಿ ಒಂದು ಕ್ಷಣ ತಡೆಯಿತು, ಆಮೇಲೆ ಹಟದಿಂದಲೇ ಎಂಬಂತೆ 'ತಾಂಗಿಸ್' ಎಂದಿತು. ದೊಡ್ಡಪ್ಪ ಅರ್ಥ ಹೇಳಿದರು: "ಬೆಳಕು ಹರಿಯಿತು. ಪಕ್ಕದ ಚಾಪೆ ಮಡಿಸಿಟ್ಟಿದ್ದು ಕಣ್ಣಿಗೆ ಬಿತ್ತು. ಆಗ ರಾಣಿ ಅತ್ತಳು." ಅಷ್ಟು ಚೆನ್ನಾಗಿ ಅವರು ಬೇರೆ ಯಾವ ಪದಕ್ಕೂ ಅರ್ಥ ಹೇಳಿದ್ದನ್ನು ನಾನು ಕೇಳಿಲ್ಲ. ನೀವು ಅವರನ್ನೇ ನೋಡಿದಿರಿ. ಸಂಜೆ ಇಬ್ಬರೂ ಒಂದೇ ಬೈಕಿನಲ್ಲಿ ಊರಿಗೆ ಹೋದಿರಿ.

ಆಮೇಲಿನ ವರ್ಷಗಳಲ್ಲಿ ಎಲ್ಲ ಮನೆಗಳಲ್ಲೂ ರಾಣಿ ಅತ್ತಳು. ದೊಡ್ಡಪ್ಪ ಒಮ್ಮೆಯೂ ಅವಳನ್ನು ಎಬ್ಬಿಸಲಿಲ್ಲ.

ಅವರ ದಹನದ ದಿನ ವ್ಯಾಖ್ಯಾನಕ್ಕೆ ನನ್ನನ್ನು ಕೂರಿಸಿದಿರಿ. ಅವರ ಜಾಗ ಬಿಟ್ಟು ಚಾಪೆಯ ಅಂಚಿಗೆ ಕೂತೆ. ಬಿಳಿ ಬಟ್ಟೆ ಹೊದಿಸಿದ ಅವರ ಪಕ್ಕದಲ್ಲಿ ನೀವು ಅದೇ ಸಮುದ್ರದ ಭಾಗವನ್ನು ಎತ್ತಿಕೊಂಡಿರಿ. ನಾನು 'ಅತ್ತಳು' ಎಂದು ಹೇಳಲು ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಕಣ್ಣಲ್ಲಿ ನೀರೂ ಇತ್ತು. ನೀವು 'ತಾಂಗಿ' ಎಂದು ಹಾಡಿ, ಅಲ್ಲಿಗೇ ಉಸಿರು ನಿಲ್ಲಿಸಿ, ನನ್ನ ಕಡೆ ನೋಡಿದಿರಿ. ನೆರೆದವರಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ತಡವರಿಸಿ ಹೇಳಿದೆ: "ಬೆಳಕು ಹರಿಯಿತು. ಎದ್ದಳು."

ಮಾವ, ನೀವು ಯಾವತ್ತೋ ಬಂದು ಆ ಎಲೆಯನ್ನು ನೋಡಿದ್ದಿರೋ, ಅಥವಾ ಅವರ ಪದವನ್ನು ಅವರಿಗೇ ಕೊಟ್ಟು ಕಳಿಸಿದಿರೋ, ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ಅವರು ತಿಳಿದೂ ತಿಳಿದೂ ನಿಮ್ಮ ಪದವನ್ನು ಕೊನೆಯವರೆಗೆ ಹೊತ್ತರು ಎಂಬುದು ಮಾತ್ರ ನಿಮಗೆ ಗೊತ್ತಿರಲಿ. ನೀವು ಒಬ್ಬರೇ ಬಿಟ್ಟುಕೊಟ್ಟಿರಿ ಎಂದು ಆ ಮನೆಯಲ್ಲಿ ಕೂತು ಯೋಚಿಸಬೇಡಿ.

ಮುಂದಿನ ವಾರ ಕಾವ್ಯ ಓದುವ ಕೂಟದವರು ನಮ್ಮ ಮನೆಯಲ್ಲಿ ಸೇರುತ್ತಾರೆ. ನನಗಿನ್ನೂ ಅರ್ಥ ಹೇಳಲು ಸರಿಯಾಗಿ ಬರುವುದಿಲ್ಲ, ನೀವು ಬೈದು ಕಲಿಸಬೇಕು. ಚಾಪೆ ಹಾಸಿರುತ್ತೇನೆ, ಬನ್ನಿ.

ಸಮುದ್ರ ಸೇರಿದವರಿಗೆ ಶಾಂತಿ ಸಿಗಲಿ, ದಡದಲ್ಲಿ ಉಳಿದ ನಿಮ್ಮ ಕಂಠಕ್ಕೆ ದೀರ್ಘಾಯುಷ್ಯವಿರಲಿ.

ನಿಮ್ಮ ಎದುರು ಕೂರಲು ಕಾದಿರುವ,
ಅರ್ತಿನಿ