ಎರಡು ಚುಕ್ಕಿ, ಒಂದು ಮನೆ

ಅಲ್ರೀ ಮಾಸ್ತರ,

ಹೆಂಡತಿ ಬರೆದ ಒಂದು ಪತ್ರವನ್ನಾದರೂ ನೀವು ನೆಟ್ಟಗೆ ಓದಿದ್ದುಂಟೇ? ಕಾಗುಣಿತದ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದರಲ್ಲೇ ನಿಮ್ಮ ಜೀವ. ತೀರಿಹೋದ ಮೇಲಾದರೂ ಆ ಪೆನ್ನು ಕಿಸೆಯಲ್ಲಿಟ್ಟು ಓದಿರಿ. ಸುದ್ದಿ ದೊಡ್ಡದಿದೆ.

ನೆನಪಿದೆಯಾ, ಜೋಳ ಹಸನು ಮಾಡುತ್ತ ಕೂತಿದ್ದೆ. ನೀವು ಕಂಸದೊಳಗೆ ನಾಲ್ಕು ಅಂಕಿ ಬರೆದು, "ಇದು ಮ್ಯಾಟ್ರಿಕ್ಸ್. ಚಿತ್ರಾನ ತಿರುಗಸ್ತೈತಿ, ಜಗ್ಗತೈತಿ," ಅಂದಿರಿ. "ಕೊಂಡವಾಡಿಯೊಳಗ ಸಿಕ್ಕಬಿದ್ದ ದನದಂಗ ನಿಂತಾವ. ಇವೇನ್ ಜಗ್ಗತಾವ್ರಿ?" ಅಂದೆ. ಎರಡೂ ಕೈ ಗಾಳಿಯಲ್ಲಿ ಆಡಿಸಿ ತೋರಿಸಿದಿರಿ, ಸಾಕಾಗಿ ನಕ್ಕುಬಿಟ್ಟಿರಿ. ಆ ನಗು... ಇರಲಿ.

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಸಾವಿತ್ರಿ ಬಂದಿದ್ದಳು. ಮುದ್ದೇಬಿಹಾಳದಲ್ಲಿ ನೀವು ಕಲಿಸುತ್ತಿದ್ದ ಕಾಲೇಜಿನಲ್ಲೇ ಆಕೆಗೆ ಗಣಿತದ ನೌಕರಿ ಸಿಕ್ಕಿದೆ, ಗೊತ್ತೇ? ಲ್ಯಾಪ್‌ಟಾಪ್ ತೆರೆದು ಒಂದು ಮನೆಯ ಚಿತ್ರ ತೋರಿಸಿದಳು. ಪಕ್ಕದಲ್ಲಿ ಅವೇ ನಾಲ್ಕು ಅಂಕಿ. ಎಡಗಡೆಯ ಎರಡು ಸೇರಿ ಒಂದು ಚುಕ್ಕಿ, ಬಲಗಡೆಯ ಎರಡು ಸೇರಿ ಇನ್ನೊಂದು. ಚುಕ್ಕಿ ಹಿಡಿದೆಳೆದರೆ ಅಂಕಿ ಬದಲಾಗುತ್ತವೆ, ಮನೆ ವಾಲುತ್ತದೆ, ಹಿಗ್ಗುತ್ತದೆ. ಅಂದು ನಿಮ್ಮ ಕೈ ಹೇಳುತ್ತಿದ್ದುದು ಇದನ್ನೇ ಅಲ್ಲವೇ?

ಚುಕ್ಕಿಗಳಿಗೆ ಹೆಸರಿಡಬೇಕಂತೆ. ನಿಮ್ಮ ಹೆಸರು ನಾನು ಬಾಯಿಬಿಟ್ಟು ಹೇಳುವವಳೇ? ಮದುವೆಯ ಒಡಪಿನಲ್ಲಿ ಹೇಳಿದ್ದೇ ಕೊನೆ. ಆಕೆಯೇ ಒಂದಕ್ಕೆ 'ಮುತ್ಯಾ' ಎಂದು ನಿಮ್ಮನ್ನೂ, ಇನ್ನೊಂದಕ್ಕೆ 'ಆಯಿ' ಎಂದು ನನ್ನನ್ನೂ ಬರೆದಳು.

"ಆಯಿನ್ನ ಅಷ್ಟ್ ದೂರ ಯಾಕ ಕುಂಡ್ರಿಸಿದಿ? ಮುತ್ಯಾನ ಬಾಜೂಕ ಸರಸು," ಅಂದೆ.

ಸರಿಸಿದಳು. ಮನೆ ಸೊರಗುತ್ತ ಬಂದು ಬರೀ ಒಂದು ಗೆರೆಯಾಯಿತು. "ಅಯ್ಯ, ಮನಿ ಎಲ್ಲಿ ಹೋತು?" ಅಂದೆ.

"ಇಬ್ರೂ ಒಂದೇ ದಿಕ್ಕಿಗೆ ನಿಂತ್ರ ಮನಿ ಮಲಕೊಂಡಬಿಡತೈತಿ, ಆಯಿ!" ಎಂದು ಚುಕ್ಕಿಯನ್ನು ಮೊದಲಿನ ಜಾಗಕ್ಕೆ ಎಳೆದಳು, ಮನೆ ಮತ್ತೆ ಎದ್ದು ನಿಂತಿತು.

ಕೇಳಿದಿರಾ? ನಾನು ಮೂಡಲ ಅಂದರೆ ನೀವು ಬಡಗಣ ಅನ್ನುತ್ತಿದ್ದಿರಿ, ಅದಕ್ಕೇ ನಮ್ಮ ಮನೆ ನಿಂತಿತ್ತು. ಈಗ ನಾನು ಏನಂದರೂ ಎಲ್ಲರೂ "ಹೂಂ ಆಯಿ" ಅನ್ನುತ್ತಾರೆ. ಬೇಳೆಸಾರು ಉಪ್ಪಾಗಿದೆ ಎನ್ನಲು ಒಬ್ಬರಿಗೂ ಬಾಯಿಲ್ಲ. ಒಂದು ಒಳ್ಳೆಯ ಜಗಳವಿಲ್ಲದೆ ಎಷ್ಟು ದಿನ ಅಂತ...

"ಒಂದು ಚುಕ್ಕಿ ಅಳಿಸಿದ್ರ?" ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿದಳು. "ಅಳಿಸಿದ್ರ ಮನೀನೂ ಹೋಗತೈತಿ. ಅಳಸೂದ್ ಬ್ಯಾಡ ಆಯಿ. ಕಾಣದಂಗ ಮುಚ್ಚಿಡಬಹುದು."

ಮುಚ್ಚಿದಳು. ನೀವು ಕಾಣಲಿಲ್ಲ. ಮನೆ ನಿಂತೇ ಇತ್ತು. ನೀವಿದ್ದ ಜಾಗಕ್ಕೆ ಬೆರಳಿಟ್ಟೆ.

ಮುಂದಿನ ತಿಂಗಳು ಆಕೆಯ ಮೊದಲ ಮ್ಯಾಟ್ರಿಕ್ಸ್ ಪಾಠ. ಅಂಕಿಯಿಂದ ಶುರು ಮಾಡಲೋ, ಚುಕ್ಕಿಯಿಂದಲೋ ಎಂದು ಕೇಳಿದಳು. ಚುಕ್ಕಿಯಿಂದ ಅಂದೆ. ಆಕೆಯೂ ಹೂಂ ಅಂದುಬಿಟ್ಟಳು! ನೀವಿದ್ದಿದ್ದರೆ, "ನಿನಗೇನ್ ತಿಳಿತೈತಿ, ಅಂಕಿನಽ ಮೊದಲು," ಎಂದು ಕೂಗಾಡುತ್ತಿದ್ದಿರಿ. ಕೂಗಾಡಿರಿ. ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ, ಬೈದೇ ಬರೆಯಿರಿ.