ಪೂರಾ ಕರ್ನಲ್

೧೮ ಸೆಪ್ಟೆಂಬರ್ ೨೦೨೫, ಗುರುವಾರ. ಸಿಂದಗಿ ಹಾಸ್ಟೆಲ್.

ಎನ್‌ಸಿಸಿ ಕ್ಯಾಂಪಿಗೆ ನಾನೇ ಸೆಲೆಕ್ಟ್ ಆದೆ.

ಕಾಲೇಜಿಗೆ ಬಂದದ್ದು ಒಂದೇ ಸೀಟು. ಕೊನೆಗೆ ಉಳಿದವರು ನಾನು, ನನ್ನ ರೂಮ್‌ಮೇಟ್, ಅಗರಖೇಡದ ಸಾವಂತ್ರಿ. ಬಟಾಲಿಯನ್ ಯಾರ ಕೈಕೆಳಗಿರುತ್ತದೆ ಎಂದು ಅವಳು ಮೊನ್ನೆ ಕೇಳಿದಾಗ, ಫೋನಿನಲ್ಲಿ ಇಂಗ್ಲಿಷ್ ಓದಿ ಲೆಫ್ಟಿನೆಂಟ್ ಕರ್ನಲ್ ಎಂದಿದ್ದೆ. ಅದು ಅಮೆರಿಕ, ಬ್ರಿಟನ್‌ಗಳ ಪದ್ಧತಿ, ನಮ್ಮ ಸೈನ್ಯದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪೂರಾ ಕರ್ನಲ್ ಎಂದು ನಿನ್ನೆ ಗೊತ್ತಾಯಿತು. ಅವಳಿಗೆ ಹೇಳಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ, ಫೈನ್.

ಇವತ್ತು ಸೆಲೆಕ್ಷನ್‌ನಲ್ಲಿ, ಕೆಡೆಟ್‌ಗಳ ಸಾಲಿನ ಮುಂದೆ, ಎನ್‌ಸಿಸಿ ಸರ್ ಅವಳಿಗೆ ಅದನ್ನೇ ಕೇಳಿದರು. ಎದೆಯುಬ್ಬಿಸಿ ಕೂಗಿದಳು, "ಲೆಫ್ಟಿನೆಂಟ್ ಕರ್ನಲ್, ಸರ್!"

"ಅಮೆರಿಕಾದ ದಂಡು ಸೇರಾಕ ಹೊಂಟೀಯೇನವ್ವಾ? ಅಗರಖೇಡದಿಂದ ಡೈರೆಕ್ಟ್ ಬಸ್ ಬಿಟ್ಟಾರೇನು?" ಎಂದರು ಸರ್. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಆಮೇಲೆ ನನ್ನನ್ನು ಕೇಳಿದರು. ಕರ್ನಲ್ ಎಂದೆ.

ಸೆಲೆಕ್ಟ್ ಆದರೆ ಡಿಗ್ರಿ ಮುಗಿಯುವ ತನಕ ಮದುವೆ ಮಾತೆತ್ತುವುದಿಲ್ಲ ಎಂದಿದ್ದರಂತೆ ಅವಳಪ್ಪ. ಅದಕ್ಕೆ ನಾನೇನು ಮಾಡಲಿ? ಕ್ಯಾಂಪಿಗೆ ಹೋಗಿದ್ದರೂ ಎರಡನೇ ದಿನಕ್ಕೇ ಅಳುತ್ತಿದ್ದಳು.

ಈಗ ನೆಲದ ಮೇಲೆ ಕೂತು ನನ್ನ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾಳೆ, ನಾನು ಕೇಳದಿದ್ದರೂ.

"ಪಲ್ಲವಿ, ನೀ ಬರೋಬ್ಬರಿನ ಹೇಳಿದ್ದಿ. ನಾನ ಹುಚ್ಚಿ, ತಪ್ಪು ನೆನಪಿಟ್ಕೊಂಡಿದ್ದೆ," ಎಂದಳು.

"ಹೌದು," ಎಂದೆ. "ಹಿಂಬಡದ ಕಡೆನೂ ತಿಕ್ಕು."

ತಿಕ್ಕುತ್ತಿದ್ದಾಳೆ.