ನಿಮ್ಮಪ್ಪನ ರಿವಾಲ್ವರ್

ಸಾದಲಿ
12 ಸೆಪ್ಟೆಂಬರ್ 2024

ಚಿರಂಜೀವಿ ಮುರಳಿಗೆ ಅಮ್ಮನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆಯಪ್ಪ? ಕವಿತ, ಮಕ್ಕಳು ಚೆನ್ನಾಗಿದ್ದಾರಾ? ಅಪ್ಪನ ಹೆಸರೆತ್ತಿದರೆ ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಓದದೆ ಹರಿದರೆ ನನ್ನಾಣೆ.

ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುತ್ತೇನೆ, ಅಲ್ಲಿಗೆ ಯಾಕೆ ಬಂದೆನೋ ಮರೆಯುತ್ತೇನೆ. ಎಲ್ಲ ಆ ರಿವಾಲ್ವರಿನಿಂದ. ನಿಮ್ಮಪ್ಪ ಹೋದ ಮೇಲೆ ಲೈಸೆನ್ಸು ನಿಮ್ಮಣ್ಣ ಮೋಹನ್‌ಬಾಬು ಹೆಸರಿಗೆ ಬಂತು. ಇದ್ದರೆ ಕೆಲಸ ಮಾಡುವ ಹಾಗಿರಬೇಕು ಅಂತ ಅವನ ಹಟ. ಚಿಕ್ಕಬಳ್ಳಾಪುರದ ರಿಪೇರಿಯವನ ಹತ್ತಿರ ಹೊರಟ, ನಾನೂ ಬೆನ್ನುಹತ್ತಿದೆ. ಆ ಹಾಳಾದ್ದು ಕಣ್ಣೆದುರಿಗಿಲ್ಲದಿದ್ದರೆ ನನಗೆ ನೆಮ್ಮದಿಯಿಲ್ಲ.

ಬಿಚ್ಚಿದರೆ ಏನು ಕೇಳುತ್ತೀಯ! ಪ್ರತಿ ಆಯುಧಪೂಜೆಗೂ ನಾನು ಬಳಿದ ಅರಿಶಿನ, ಕುಂಕುಮ, ಹರಳೆಣ್ಣೆ ಎಲ್ಲ ಸೇರಿ ಗೋಂದಿನ ಹಾಗೆ ಗಟ್ಟಿಯಾಗಿತ್ತು. ರಿಪೇರಿಯ ಮುದುಕ "ಏನಮ್ಮಾ, ಇದಕ್ಕೆ ಒಬ್ಬಟ್ಟೂ ತಿನ್ಸಿದ್ರಾ?" ಅಂದ. ಸೀಮೆಎಣ್ಣೆ ಹಾಕಿ ಉಜ್ಜಿದ ಬಟ್ಟೆಯೆಲ್ಲ ಕೆಂಪಾಯಿತು. ನೀನು ಹೇಳದೆ ಕೇಳದೆ ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ನೆಟ್ಟ ದಿನ ನೆನಪಾಯಿತು. ನಿಮ್ಮಪ್ಪ "ಸುಟ್ಟಾಕ್ಬಿಡ್ತೀನಿ ಕಣೋ" ಅಂತ ನಿನ್ನ ಎದೆಗೆ ಹಿಡಿದು ಒತ್ತಿಯೇಬಿಟ್ಟರಲ್ಲ. ಟಕ್ ಅಂತು, ಅಷ್ಟೇ. ಕುಂಕುಮ ಮೆತ್ತಿಕೊಂಡಿದ್ದಕ್ಕೆ ಮಗ ಉಳಿದ, ಗಂಗಮ್ಮ ಕಾಪಾಡಿದಳು ಅಂತ ಊರೆಲ್ಲ ಹೇಳಿತು, ನಾನೂ ನಂಬಿದೆ. ನೀನು ಅವತ್ತೇ ಗೌರಿಬಿದನೂರು ಸೇರಿದೆ, ಹೋದ ವರ್ಷ ಅವರ ಮಣ್ಣಿಗೂ ಬರಲಿಲ್ಲ. ನಾನೇನು ಕಮ್ಮಿಯೇ? ಅವತ್ತಿನಿಂದ ಹತ್ತೊಂಬತ್ತು ವರ್ಷ ಅವರಿಗೆ ಬಡಿಸಿದೆ, ಒಂದು ದಿನವೂ ಪಕ್ಕದಲ್ಲಿ ಕೂತು ಉಣ್ಣಲಿಲ್ಲ.

ಮುಂದಿನದ್ದು ಬರೆಯಲು ಕೈ ಬರುತ್ತಿಲ್ಲ. ಕವಿತಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡಪ್ಪ.

ನಿನ್ನ ಹೆತ್ತವಳು,
ಅಮ್ಮಾಜಮ್ಮ

ಕಾಗದ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಹೇಳಿಯೇಬಿಡುತ್ತೇನೆ. ನೀನು ಉಳಿದಿದ್ದು ಕುಂಕುಮದಿಂದ ಅಲ್ಲವಂತೆ ಮುರಳಿ, ರಿಪೇರಿಯ ಮುದುಕನೇ ಹೇಳಿದ. ಅದರಲ್ಲಿ ಗುಂಡಿಗೆ ಬಡಿಯುವ ಪಿನ್ನೇ ಇರಲಿಲ್ಲ. ನೀನು ತೊಟ್ಟಿಲಲ್ಲಿದ್ದಾಗಲೇ ನಿಮ್ಮಪ್ಪ ಆ ಮುದುಕನ ಹತ್ತಿರ ಹೋಗಿ, "ಮನೇಲಿ ಮಕ್ಳವ್ರೆ, ಇದು ಹಾರ್‌ಬಾರ್ದು" ಅಂತ ತೆಗೆಸಿ, ಲಕೋಟೆಯಲ್ಲಿ ಹಾಕಿ ಅಲ್ಲೇ ಬಿಟ್ಟು ಬಂದಿದ್ದರಂತೆ. ಮೋಹನ ಹೊಸ ಪಿನ್ನು ಹಾಕಿಸಿದ. ಹಳೆಯದು, ಅದೇ ಲಕೋಟೆ, ಇದರೊಳಗಿದೆ. ಮೇಲಿರುವ ಅವರ ತೆಲುಗು ಸಹಿ ನೋಡು, ತಾರೀಕು ನೋಡು. ಸಾಯುವ ತನಕ ಬಾಯಿ ಬಿಡಲಿಲ್ಲವಲ್ಲೋ ಆ ಮನುಷ್ಯ! ಇಪ್ಪತ್ಮೂರು, ಸೋಮವಾರ, ವರ್ಷದ ತಿಥಿ. ಅವರ ಎಡೆಯ ಪಕ್ಕದಲ್ಲಿ ನನಗೂ ಒಂದು ಎಲೆ ಹಾಕಿಸಿಕೊಳ್ಳುತ್ತೇನೆ. ಬಡಿಸುವುದಕ್ಕೆ ನೀನು ಬಾ.